ನೀಡಲ್ ಮೊದಲು, ಟ್ರಿಮ್ ಆಮೇಲೆ

ಕೇಳುಗರಿಗೆ ನಮಸ್ಕಾರ.

ಹೊಸ ರೇಡಿಯೊ ಕಂಟ್ರೋಲ್ ವಿಮಾನ ಮೇಲೇರಿದ ಕೂಡಲೇ ಒಂದು ಪಕ್ಕಕ್ಕೆ ವಾಲುತ್ತದೆ, ಇಲ್ಲವೇ ಮೂಗೆತ್ತುತ್ತದೆ. ಕೈ ತಾನಾಗಿ ರೇಡಿಯೊದ ಟ್ರಿಮ್ ಗುಂಡಿಗೆ, ಅಂದರೆ ಇಂಥ ವಾಲಾಟವನ್ನು ತುಸುತುಸುವೇ ತಿದ್ದುವ ಗುಂಡಿಗೆ ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಎಂಜಿನ್ ಒಂದೇ ಸಮ ಓಡದಿದ್ದರೆ ಟ್ರಿಮ್ ಕೂಡ ನಿಲ್ಲುವುದಿಲ್ಲ. ಎಳೆತ ಏರಿಳಿದ ಹಾಗೆಲ್ಲ ಮೂಗೂ ಏರಿಳಿಯುತ್ತದೆ.

ನಾನು ಹೇಳುತ್ತಿರುವುದು ಗ್ಲೋ ಎಂಜಿನ್ ವಿಷಯ, ಅಂದರೆ ಕಾದ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್. ಮೆಥನಾಲ್, ಒಂದಿಷ್ಟು ನೈಟ್ರೋಮೀಥೇನ್, ಎಣ್ಣೆ ಸೇರಿದರೆ ಅದರ ಇಂಧನ. ಇಂಧನ ಕಡಿಮೆ ಬಿಟ್ಟರೆ ಎಣ್ಣೆಯೂ ಕಡಿಮೆ, ಎಂಜಿನ್ ಕಾದು ಕೆಡುತ್ತದೆ.

ಎಂಜಿನ್ ಶುರುವಾದ ಮೇಲೆ ಪ್ಲಗ್ ಕಾಯಿಸುವ ಬ್ಯಾಟರಿಯ ಕ್ಲಿಪ್ ತೆಗೆದು, ಪ್ರೊಪೆಲ್ಲರ್ ಹಿಂದೆ ನಿಂತು, ಪೂರ್ತಿ ಥ್ರಾಟಲ್ ಕೊಡಿ. ನೀಡಲ್, ಅಂದರೆ ಎಂಜಿನ್‌ಗೆ ಇಂಧನ ಹೆಚ್ಚು ಕಡಿಮೆ ಬಿಡುವ ತಿರುಪನ್ನು, ಒಂದೊಂದೇ ಟಿಕ್ ಮುಚ್ಚುತ್ತಾ ಬನ್ನಿ. ಗೊರಗೊರ ಸದ್ದು ಚೂಪಾಗುತ್ತಾ ಹೋಗುತ್ತದೆ. ಇನ್ನು ಏರುವುದಿಲ್ಲ ಅನ್ನಿಸಿದಾಗ ಎರಡು ಮೂರು ಟಿಕ್ ವಾಪಸ್ ಬಿಚ್ಚಿ. ಆ ಚೂಪು ಸದ್ದಿಗೆ ಮರುಳಾಗಿ ಒಮ್ಮೆ ಹಾಗೇ ಹಾರಿಸಿದ್ದೆ. ಮೇಲೇರುತ್ತಿದ್ದಾಗಲೇ ಎಂಜಿನ್ ನಿಂತಿತು. ಇಳಿದದ್ದು ಮುಳ್ಳುಪೊದೆಯಲ್ಲಿ.

ಅಂದಿನಿಂದ ಒಂದು ಪರೀಕ್ಷೆ ಬಿಟ್ಟಿಲ್ಲ. ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗನ್ನು ನೇರ ಆಕಾಶಕ್ಕೆ ಎತ್ತುತ್ತೇನೆ. ಆಗ ಟ್ಯಾಂಕ್ ಕೆಳಗಾಗಿ ಇಂಧನ ಏರಿ ಬರಬೇಕಾಗುತ್ತದೆ. ಸದ್ದು ಹಾಗೇ ಉಳಿದರೆ, ಇಲ್ಲ ತುಸು ಏರಿದರೆ ಸರಿ. ಕುಸಿದರೆ ನೀಡಲ್ ಇನ್ನೊಂದೆರಡು ಟಿಕ್ ಬಿಚ್ಚಬೇಕು.

ತೂಕದ ಮಾತು ಬೇಗ ಮುಗಿಸುತ್ತೇನೆ. ಸಾಮಾನ್ಯ ತರಬೇತಿ ಮಾದರಿಯಲ್ಲಿ ತೂಕದ ಕೇಂದ್ರ ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ 25ರಿಂದ 33 ಶೇಕಡಾ ಒಳಗಿರಬೇಕು. ನೋಡುವಾಗ ಟ್ಯಾಂಕ್ ಖಾಲಿಯಿರಲಿ.

ಇನ್ನು ಹಾರಿಸಿ. ಸಾಕಷ್ಟು ಎತ್ತರದಲ್ಲಿ, ಅರ್ಧ ಥ್ರಾಟಲ್‌ನಲ್ಲಿ, ಸ್ಟಿಕ್ ಬಿಟ್ಟರೂ ನೇರ ಹೋಗುವ ತನಕ ಟ್ರಿಮ್ ಮಾಡಿ. ಆಮೇಲೆ ಥ್ರಾಟಲ್ ಪೂರ್ತಿ ಕೊಟ್ಟು ನೋಡಿ. ಮೂಗು ಜೋರಾಗಿ ಮೇಲೇರಿತೇ? ಎಲಿವೇಟರ್, ಅಂದರೆ ಮೂಗು ಏರಿಳಿಸುವ ಬಾಲದ ಹಲಗೆಯ ಟ್ರಿಮ್ ಒತ್ತಬೇಡಿ. ಒತ್ತಿದರೆ ಅರ್ಧ ಥ್ರಾಟಲ್‌ನಲ್ಲಿ ಮೂಗು ಇಳಿಯುತ್ತದೆ, ಮತ್ತೆ ಸುಮ್ನೆ ಟ್ರಿಮ್ ಮಾಡುತ್ತಾ ಕೂರಬೇಕು. ಅದರ ಬದಲು ಎಂಜಿನ್ ಕೂರಿಸುವ ಮೌಂಟಿನ ಮೇಲ್ಗಡೆಯ ಬೋಲ್ಟ್‌ಗಳಿಗೆ, ಮೌಂಟಿನ ಹಿಂದೆ ತೆಳ್ಳನೆಯ ವಾಷರ್ ಹಾಕಿದರೆ ಎಂಜಿನ್ ತುಸು ಕೆಳಕ್ಕೆ ಬಾಗುತ್ತದೆ. ನನ್ನ ಹಳೆಯ ವಿಮಾನಕ್ಕೆ ಒಂದೊಂದು ವಾಷರ್ ಸಾಕಾಯಿತು.

ಇಳಿಸಿದ ಮೇಲೆ ಬಾಲದ ನಿಂತ ಹಲಗೆಯಾದ ರಡ್ಡರ್, ಎಲಿವೇಟರ್ ಎಲ್ಲಿ ನಿಂತಿವೆ ಅಂತ ನೋಡಿಕೊಳ್ಳಿ. ರೇಡಿಯೊದ ಟ್ರಿಮ್ ಸೊನ್ನೆಗೆ ತಂದು, ಅವನ್ನು ಆಡಿಸುವ ಕಡ್ಡಿಯ ತುದಿಯ ಕ್ಲೆವಿಸ್ ಎಂಬ ಕೊಂಡಿ ತಿರುಗಿಸಿ ಅವನ್ನು ಅಲ್ಲಿಗೇ ಕೂರಿಸಿ. ಆಮೇಲೆ ಇನ್ನೊಂದು ಟ್ಯಾಂಕ್ ತುಂಬಿಸಬಹುದು.

ನಮಸ್ಕಾರ.