ರಂಗೋಲಿ ಪುಡಿಯಲ್ಲಿ ಐದು ಕಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಹೋದ ಭಾನುವಾರ ಬೆಳಿಗ್ಗೆ ನಾನು ಐದು ಕಾರು ಬರೆದೆ. ಒಂದು ಕೈಯಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ರಂಗೋಲಿ ಪುಡಿ ಡಬ್ಬ. ಉದ್ದ ಅಗಲ ಅಳೆದು, ಒಂದೊಂದು ಕಾರಿಗೆ ಒಂದೊಂದು ಉದ್ದ ಚೌಕ. ಹಾಲಿಗೆ ಹೊರಟವರು ನಿಂತು ನೋಡಿದರು. ಮಕ್ಕಳು ಕುಂಟೆಬಿಲ್ಲೆ ಮನೆ ಅಂದುಕೊಂಡು ಓಡಿ ಬಂದರು.

ಇದಕ್ಕೆ ಕಾರಣ ಪಕ್ಕದ ಮನೆಯ ಹುಡುಗ. ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳಿದವನು ಅಂತ ಅವನಿಗೆ ಗೊತ್ತು. ಒಂದು ಸಂಜೆ ಬಂದು ಕೇಳಿದ. "ಅಂಕಲ್, ಎರಡು ಸೀಟಿನ ಚಿಕ್ಕ ಸ್ಪೋರ್ಟ್ಸ್ ಕಾರು ಅಂದ್ರೆ ನನಗೆ ಪ್ರಾಣ. ಅಂಥದ್ದು ಮೈಸೂರಲ್ಲಿ ದಿನಾ ಓಡಿಸೋಕಾಗುತ್ತಾ?"

ಒಳ್ಳೆಯ ಪ್ರಶ್ನೆ. ಆದರೆ ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಮೊಬೈಲಿನಲ್ಲಿ ಚಿತ್ರ ನೋಡಿದರೆ ಎಲ್ಲ ಸ್ಪೋರ್ಟ್ಸ್ ಕಾರೂ ಚಿಕ್ಕದಾಗಿಯೇ ಕಾಣುತ್ತದೆ. ಎತ್ತರ ಕಮ್ಮಿ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ನೆಲದ ಮೇಲೆ ಗೆರೆ ಎಳೆದರೆ ಮೋಸ ಇಲ್ಲ, ಅಲ್ವಾ?

ಮೊದಲು ಬರೆದದ್ದು ಎಲ್ಲರಿಗೂ ಗೊತ್ತಿರುವ ನಮ್ಮ ಮಾರುತಿ 800. ಉದ್ದ ಸುಮಾರು 334 ಸೆಂಟಿಮೀಟರ್, ಅಗಲ 144. ಅದರೊಳಗೇ ಎರಡನೆಯದನ್ನು ಬರೆದೆ. 1991ರಲ್ಲಿ ಜಪಾನಿನಲ್ಲಿ ಬಂದ ಸುಜುಕಿ ಕ್ಯಾಪುಚಿನೋ. ಉದ್ದ ಸುಮಾರು 330, ಅಗಲ 140. ಹೋಂಡಾದವರ ಬೀಟ್ ಕೂಡ ಅದೇ ವರ್ಷದ್ದು, ಅದೇ ಅಳತೆಯದು. ಎರಡು ಗೆರೆಗಳ ನಡುವೆ ಎಲ್ಲ ಕಡೆಯೂ ಬೆರಳಿನಷ್ಟೇ ಜಾಗ ಉಳಿಯಿತು. ಅಂದರೆ ನಿಮ್ಮ ಮನೆಯಲ್ಲಿ ಮಾರುತಿ 800 ನಿಲ್ಲುತ್ತಿದ್ದ ಜಾಗದಲ್ಲಿ ಒಂದು ನಿಜವಾದ ಸ್ಪೋರ್ಟ್ಸ್ ಕಾರು ನಿಲ್ಲುತ್ತದೆ. ಇದನ್ನು ನೋಡಿ ನನಗೇ ಮೈ ಜುಮ್ಮೆಂದಿತು.

ಮೂರನೆಯದು ಮಾಜ್ದಾ ಎಂಎಕ್ಸ್-5. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದೇ. 1989ರಲ್ಲಿ ಶುರುವಾಗಿ 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಈಗಿನ ಮಾದರಿಯ ಉದ್ದ ಸುಮಾರು 392, ಅಗಲ ಸುಮಾರು 174. ಚೌಕ ಬರೆದು ಮುಗಿಸಿದಾಗ ಹುಡುಗ "ಇಷ್ಟು ದೊಡ್ಡದಾ?" ಅಂದ. ಹೌದು. ಎದುರು ಮನೆಯ ಹೊಸ ಸ್ವಿಫ್ಟ್ ಅಳೆದು ತೋರಿಸಿದೆ. ಅಗಲ ಅಷ್ಟಕ್ಕಷ್ಟೇ. ಉದ್ದದಲ್ಲಿ ಸ್ವಿಫ್ಟೇ ಸ್ವಲ್ಪ ಕಮ್ಮಿ. ಎತ್ತರದಲ್ಲಿ ಮಾತ್ರ ಮಾಜ್ದಾ ಸುಮಾರು ಒಂದು ಅಡಿ ತಗ್ಗು.

ನಾಲ್ಕನೆಯದು ಇಂಗ್ಲೆಂಡಿನ ಲೋಟಸ್ ಎಲೀಸ್, 1996ರದ್ದು. ಉದ್ದ ಸುಮಾರು 373. ಅಗಲ 170 ದಾಟುತ್ತದೆ. ಐದನೆಯದು ಕೇಟರ್‌ಹ್ಯಾಮ್ ಸೆವೆನ್, ಅದರಲ್ಲೂ ತೀರ ಕಿರಿದಾದ 170 ಅನ್ನುವ ಮಾದರಿ. ಅಗಲ ಬರೀ 147. ಅದಕ್ಕೆ ಬಾಗಿಲು ಅನ್ನುವಂಥದ್ದು ಇಲ್ಲ. ಮುಂದಿನ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ. ಅದರ ಎಂಜಿನ್ ಯಾವುದು ಗೊತ್ತಾ? ಸುಜುಕಿಯವರ 660 ಸಿಸಿ ಟರ್ಬೋ.

ಈಗ ತೂಕಕ್ಕೆ ಬರೋಣ. ನನ್ನ ಮಾತೆಲ್ಲ ಇಲ್ಲೇ ಇರುವುದು.

ಮಂಡ್ಯದ ಕಡೆ ಕಬ್ಬಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತು ಎಷ್ಟು ಗಟ್ಟಿ ಅಂತ ಕೇಳಿದರೆ ಅರ್ಧ ಉತ್ತರ. ಗಾಡಿಗೆ ಎಷ್ಟು ಹೇರಿದ್ದೀರಿ ಅನ್ನುವುದು ಇನ್ನರ್ಧ. ಕಾರಿನಲ್ಲೂ ಹಾಗೆಯೇ. ಎಷ್ಟು ಎಚ್‌ಪಿ, ಅಂದರೆ ಎಂಜಿನ್ನಿನ ಬಲ ಎಷ್ಟು, ಅಂತ ಎಲ್ಲರೂ ಕೇಳುತ್ತಾರೆ. ಒಂದೊಂದು ಎಚ್‌ಪಿ ಎಷ್ಟು ಕಿಲೋ ಎಳೆಯಬೇಕು ಅಂತ ಯಾರೂ ಕೇಳುವುದಿಲ್ಲ.

ಮಾರುತಿ 800 ಸುಮಾರು 650 ಕಿಲೋ, 37 ಎಚ್‌ಪಿ. ಭಾಗಿಸಿ ನೋಡಿ. ಒಂದು ಎಚ್‌ಪಿ ತಲೆಗೆ ಹದಿನೇಳು ಕಿಲೋಗೂ ಜಾಸ್ತಿ. ಕ್ಯಾಪುಚಿನೋ 700 ಕಿಲೋ, 64 ಎಚ್‌ಪಿ. ಹನ್ನೊಂದು ಕಿಲೋ. ಎಂಎಕ್ಸ್-5ರ ಒಂದೂವರೆ ಲೀಟರ್ ಎಂಜಿನ್ನಿನ ಮಾದರಿ ಸಾವಿರ ಕಿಲೋ ಆಸುಪಾಸು, ಎಂಟು ಕಿಲೋ ಹತ್ತಿರ ಬರುತ್ತದೆ. ಮೊದಲ ಎಲೀಸ್ ಬರೀ 725 ಕಿಲೋ, 118 ಎಚ್‌ಪಿ. ಆರು ಕಿಲೋ. ಕೇಟರ್‌ಹ್ಯಾಮ್ 440 ಕಿಲೋ, 84 ಎಚ್‌ಪಿ. ಐದು ಕಿಲೋ ಚಿಲ್ಲರೆ. 84 ಎಚ್‌ಪಿ ಅಂದರೆ ಹೆಚ್ಚುಕಮ್ಮಿ ಈಗಿನ ಸ್ವಿಫ್ಟಿಗೆ ಇರುವಷ್ಟೇ ಬಲ. ಹೆಚ್ಚೇನಿಲ್ಲ. ತೂಕ ಅರ್ಧಕ್ಕಿಂತ ಕಮ್ಮಿ, ಅಷ್ಟೇ.

ತೂಕ ಕಮ್ಮಿಯಾದರೆ ಓಟ ಒಂದೇ ಹೆಚ್ಚುವುದಲ್ಲ. ನಿಲ್ಲಿಸುವುದು ಸುಲಭ. ಬ್ರೇಕು ಚಿಕ್ಕದು ಸಾಕು. ಟಯರು ಕಿರಿದು ಸಾಕು. ಟಯರು, ಬ್ರೇಕು ಚಿಕ್ಕದಾದರೆ ಕಾರು ಇನ್ನೂ ಹಗುರ. ಇನ್ನೂ ಹಗುರ ಆದರೆ ಎಂಜಿನ್ನೂ ಚಿಕ್ಕದು ಸಾಕು. ಹೀಗೆ ಒಂದು ಒಳ್ಳೆಯದು ಇನ್ನೊಂದು ಒಳ್ಳೆಯದನ್ನು ಕೈ ಹಿಡಿದು ಕರೆದುಕೊಂಡು ಬರುತ್ತದೆ. ಎಲೀಸ್‌ನ ಅಡಿಪಾಯ, ಅದೇ ಚಾಸಿ, ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಅದರ ತೂಕ 68 ಕಿಲೋ. ಒಬ್ಬ ಆಳಿನಷ್ಟು! ಬೆಸುಗೆ ಹಾಕದೆ ಅಂಟಿನಿಂದ ಕೂಡಿಸಿದ್ದಾರೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಂಬುತ್ತಿರಲಿಲ್ಲ.

ಮೈಸೂರಿನವರಿಗೆ ಹಗುರದ ಸುಖ ಹೊಸದೇನಲ್ಲ. ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ದಿ ತಯಾರಾಗುತ್ತಿದ್ದ ಊರು ಇದು. ನಾನು ಓಡಿಸಿದ್ದು ಯೆಜ್ದಿ ರೋಡ್‌ಕಿಂಗ್. 250 ಸಿಸಿ, 16 ಎಚ್‌ಪಿ, 140 ಕಿಲೋ ಆಸುಪಾಸು. ಗೆಳೆಯನ ಹತ್ತಿರ ಇದ್ದದ್ದು ಯಮಹಾ ಆರ್‌ಎಕ್ಸ್ 100. 11 ಎಚ್‌ಪಿ, ನೂರು ಕಿಲೋ ಚಿಲ್ಲರೆ. ಒಬ್ಬೊಬ್ಬರೇ ಹೋದರೆ ಸಿಗ್ನಲ್ಲಿನಿಂದ ಅವನು ಚಂಗನೆ ಹಾರುತ್ತಿದ್ದ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬೆಟ್ಟ ಹತ್ತಿದರೆ ಅವನ ಗಾಡಿ ಏದುಸಿರು ಬಿಡುತ್ತಿತ್ತು, ನನ್ನದು ಎಳೆದುಕೊಂಡು ಹೋಗುತ್ತಿತ್ತು. ಹಗುರ ಗಾಡಿಗೆ ಹೇರಿದ ಪ್ರತಿ ಕಿಲೋವೂ ಗೊತ್ತಾಗುತ್ತದೆ. ಕೇಟರ್‌ಹ್ಯಾಮ್‌ನಲ್ಲಿ 70 ಕಿಲೋದವರು ಇಬ್ಬರು ಕೂತರೆ ಕಾರಿನ ತೂಕದ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲಿನಷ್ಟು ಭಾರ ಮೇಲೆ ಸೇರಿತು. ಹಗುರ ಕಾರು ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ದಿನದ ಬಳಕೆಗೆ ಇವು ಹೇಗೆ? ಮೊದಲು ಸಾಮಾನು. ಎಂಎಕ್ಸ್-5ರ ಡಿಕ್ಕಿ 130 ಲೀಟರ್. ಸ್ವಿಫ್ಟಿನದರ ಅರ್ಧ. ಎರಡು ಚಿಕ್ಕ ಬ್ಯಾಗು, ದೇವರಾಜ ಮಾರುಕಟ್ಟೆಯಿಂದ ತಂದ ಒಂದು ವಾರದ ತರಕಾರಿ, ಇಷ್ಟು ಹಿಡಿಯುತ್ತದೆ. ಕ್ಯಾಪುಚಿನೋದಲ್ಲಿ ಒಂದು ತಮಾಷೆಯ ಕಷ್ಟ ಇದೆ. ಅದರ ಟಾಪು ಮೂರು ತುಂಡಾಗಿ ಕೈಗೆ ಬರುತ್ತದೆ. ಬಿಚ್ಚಿದ ತುಂಡುಗಳನ್ನು ಡಿಕ್ಕಿಯಲ್ಲಿಡಬೇಕು. ಟಾಪ್ ತೆಗೆದರೆ ಸಾಮಾನಿಗೆ ಜಾಗ ಇಲ್ಲ, ಸಾಮಾನು ಇಟ್ಟರೆ ಟಾಪ್ ತೆಗೆಯುವ ಹಾಗಿಲ್ಲ. ಆಮೇಲೆ 2015ರಲ್ಲಿ ಬಂದ ಹೋಂಡಾ ಎಸ್660 ಇನ್ನೂ ಕಷ್ಟ. ಅದರ ಬಟ್ಟೆ ಟಾಪನ್ನು ಸುತ್ತಿ ಮುಂದಿನ ಬಾನೆಟ್ಟಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟರೆ, ಬೇರೆ ಏನನ್ನೂ ಇಡಲು ಜಾಗವೇ ಉಳಿಯುವುದಿಲ್ಲ. 25 ಕಿಲೋ ಅಕ್ಕಿ ಮೂಟೆ ತರಬೇಕಾದರೆ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಬೇಕು.

ಹತ್ತಿ ಇಳಿಯುವುದೂ ಮುಖ್ಯ. ಮೊದಲ ಎಲೀಸ್‌ನ ಬಾಗಿಲ ಹೊಸ್ತಿಲು ಎತ್ತರ, ಅಗಲ. ಚಾಸಿಯ ಗಟ್ಟಿ ಇರುವುದೇ ಆ ಹೊಸ್ತಿಲಲ್ಲಿ. 2000ದಲ್ಲಿ ಬಂದ ಎರಡನೇ ಮಾದರಿಯಲ್ಲಿ ಅದನ್ನು ತಗ್ಗಿಸಿದರು. ಆದರೂ ಸೀರೆ ಉಟ್ಟವರು, ಮಂಡಿ ನೋವಿರುವವರು ಅದರಲ್ಲಿ ಇಳಿದು ಕೂರುವುದು ಕಷ್ಟವೇ. ಮನೆಯಲ್ಲಿ ಹಿರಿಯರಿದ್ದರೆ ಎಲೀಸ್ ಎರಡನೇ ಕಾರಾಗಿರಬೇಕು. ಈ ಮಾತಿನಲ್ಲಿ ನನಗೆ ಅನುಮಾನ ಇಲ್ಲ.

ಇನ್ನು ನಮ್ಮ ಹಂಪುಗಳು. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆಯ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಅಷ್ಟು ಅಗಲಕ್ಕೆ ಅಷ್ಟೇ ಎತ್ತರ ಇದ್ದರೆ ಎಂಥ ತಗ್ಗಿನ ಕಾರೂ ನಿಧಾನವಾಗಿ ದಾಟುತ್ತದೆ. ನಮ್ಮ ಊರುಗಳ ಮುಂದೆ ಇರುವುದು ಗೊತ್ತಲ್ಲ, ಗದ್ದೆ ಬದುವಿನ ಹಾಗೆ ಕಿರಿದು, ಕಡಿದು. ಹಿಂದೊಮ್ಮೆ ಗೆಳೆಯರೊಬ್ಬರ ತೆರೆದ ಕಾರನ್ನು ಕೆಆರ್‌ಎಸ್ ರಸ್ತೆಯಲ್ಲಿ ಓಡಿಸುವ ಅವಕಾಶ ಸಿಕ್ಕಿತ್ತು. ಒಂದು ಹಂಪಿನ ಮೇಲೆ ಕಾರಿನ ಹೊಟ್ಟೆ ಉಜ್ಜಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ಹಲ್ಲಿಗೇ ಪೆಟ್ಟು ಬಿದ್ದ ಹಾಗಾಯಿತು. ಆಮೇಲೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಲು ಕಲಿತೆ. ಇಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ ಮುಖ್ಯ. ಕ್ಯಾಪುಚಿನೋದಲ್ಲಿ ಅದು 206 ಸೆಂಟಿಮೀಟರ್, ಎಂಎಕ್ಸ್-5ರಲ್ಲಿ 231. ದೂರ ಕಮ್ಮಿ ಇದ್ದಷ್ಟೂ ಹೊಟ್ಟೆ ಉಜ್ಜುವುದು ಕಮ್ಮಿ.

ಎತ್ತರದ್ದು ಇನ್ನೊಂದು ಚಿಂತೆ. ಇದನ್ನು ನಾನು ಹಗುರವಾಗಿ ಹೇಳಲಾರೆ. ಕ್ಯಾಪುಚಿನೋ, ಬೀಟ್ ಎರಡರ ಎತ್ತರವೂ 120 ಸೆಂಟಿಮೀಟರ್ ಒಳಗೆ. ಬಸ್ಸಿನ ಚಕ್ರಕ್ಕಿಂತ ಒಂದು ಗೇಣೂ ಜಾಸ್ತಿ ಇಲ್ಲ. ಅದರಲ್ಲಿ ಕೂತವರ ಕಣ್ಣು ಚಕ್ರದ ಮಟ್ಟದಲ್ಲೇ ಇರುತ್ತದೆ. ಬಸ್ ಡ್ರೈವರಿಗೆ ನೀವು ಕಾಣಿಸದೇ ಹೋಗಬಹುದು. ಮಂಡ್ಯದ ಒಳರಸ್ತೆಗಳಲ್ಲಿ ಕಬ್ಬು ಅರೆಯುವ ಕಾಲಕ್ಕೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲಾಗಿ ಹೋಗುತ್ತವೆ. ಹಿಂದೆ ಕಬ್ಬಿನ ಜಲ್ಲೆ ಚಾಚಿರುತ್ತದೆ. ಕೆಲವಕ್ಕೆ ಹಿಂದಿನ ದೀಪವೂ ಇರುವುದಿಲ್ಲ. ತಗ್ಗಿನ ಕಾರಿನಲ್ಲಿ ಆ ಜಲ್ಲೆ ಸರಿಯಾಗಿ ಮುಖದ ಮಟ್ಟಕ್ಕೆ ಬರುತ್ತದೆ. ಕತ್ತಲಾದ ಮೇಲೆ ಆ ರಸ್ತೆಗಳಿಗೆ ಇಂಥ ಕಾರು ತರಬೇಡಿ. ದಯವಿಟ್ಟು.

ಬೆಂಗಳೂರಿಗೆ ದಿನವೂ ಹೋಗಿಬರುವವರಾದರೆ ಮಾತು ಬೇರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವ ಹಾಗಿಲ್ಲ. ಅಲ್ಲಿ ನೂರರ ವೇಗದಲ್ಲಿ 660 ಸಿಸಿ ಎಂಜಿನ್ ಒಂದೇ ಸಮ ಜೋರಾಗಿ ತಿರುಗುತ್ತಲೇ ಇರಬೇಕು. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಳಿಗೆ ಕಾರು ಅಲುಗುತ್ತದೆ. ಅಲ್ಲಿ ಎಂಎಕ್ಸ್-5 ಸರಿ. ನಗರದ ಒಳಗೆ, ಅಗ್ರಹಾರದ ಓಣಿಗಳಲ್ಲಿ, ಸಂತೆಪೇಟೆಯಲ್ಲಿ, ಕ್ಯಾಪುಚಿನೋ ಅಳತೆಯದೇ ಸರಿ. ನಮ್ಮ ಗೇಟು 1 ಮೀಟರ್ 88. ಎಂಎಕ್ಸ್-5ರ ಕನ್ನಡಿಗಳನ್ನೂ ಸೇರಿಸಿದರೆ ಅದರ ಅಗಲ 1 ಮೀಟರ್ 90 ದಾಟುತ್ತದೆ.

ಹಾಗಾದರೆ ಕ್ಯಾಪುಚಿನೋ ತರಿಸೋಣ ಅಂದರೆ ಆಗುವುದಿಲ್ಲ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಹೊರದೇಶದಿಂದ ತರಲು ನಮ್ಮ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಎಂಎಕ್ಸ್-5 ಇಲ್ಲಿ ಮಾರಾಟಕ್ಕೇ ಬಂದಿಲ್ಲ. ಇದು ನನ್ನ ಮನಸ್ಸಿಗೆ ನಿಜವಾಗಿ ನೋವು ಕೊಡುವ ವಿಷಯ. ಜಪಾನಿನಲ್ಲಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ ಒಳಗಿನ ಕಾರಿಗೆ ತೆರಿಗೆ ಕಮ್ಮಿ. ಆ ಗೆರೆಯೊಳಗೆ ಕೂತು ಅಲ್ಲಿನ ಇಂಜಿನಿಯರುಗಳು ಎರಡು ಸೀಟಿನ ಮುತ್ತಿನಂಥ ಕಾರುಗಳನ್ನು ಮಾಡಿದರು. ನಮ್ಮಲ್ಲೂ ಗೆರೆ ಇದೆ. 4 ಮೀಟರ್ ಒಳಗೆ, ಪೆಟ್ರೋಲ್ ಆದರೆ 1200 ಸಿಸಿ ಒಳಗೆ. ಆ ಗೆರೆಯೊಳಗೆ ನಾವು ಮಾಡಿದ್ದು ಡಿಕ್ಕಿ ಮೊಟಕು ಮಾಡಿದ ಸೆಡಾನು. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅನ್ನುವ ಎರಡು ಸೀಟಿನ ಕಾರು ತಯಾರಾಯಿತು. ಫೈಬರ್ ಮೈ, ರೆನೋದವರ 1149 ಸಿಸಿ ಎಂಜಿನ್. ಅದನ್ನು ಮಾಡಿದವರ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಜನ ಹೆಚ್ಚು ಕೊಳ್ಳಲಿಲ್ಲ. ಇಷ್ಟು ಬಗೆಯ ಚಿಕ್ಕ ಎಂಜಿನ್ ಮಾಡುವ ದೇಶದಲ್ಲಿ ಇನ್ನೊಬ್ಬರು ಯಾಕೆ ಪ್ರಯತ್ನ ಪಡಬಾರದು?

ಹುಡುಗ ಇದನ್ನೆಲ್ಲ ಕೇಳಿ ಸುಮ್ಮನೆ ನಿಂತಿದ್ದ. ಮುಖ ಸಪ್ಪಗಾಗಿತ್ತು. "ಹಾಗಾದ್ರೆ ನಾನೇನು ಮಾಡ್ಲಿ ಅಂಕಲ್?" ಅಂದ.

ನನ್ನ ಮಾರುತಿಯ ಡಿಕ್ಕಿಯ ಬಾಗಿಲು ತೆಗೆಸಿದೆ. ಹಳೆಯ ಬ್ಯಾಟರಿ, ಎರಡು ಕ್ಯಾನ್ ನೀರು, ಕಬ್ಬಿಣದ ಟೂಲ್ ಪೆಟ್ಟಿಗೆ, ಎಂದೋ ಇಟ್ಟು ಮರೆತ ಹಳೇ ಟಯರು. ಎಲ್ಲವನ್ನೂ ತಂದು ಮೂಲೆಯ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟೆವು. 61 ಕಿಲೋ. ಇಷ್ಟು ದಿನ ಒಬ್ಬ ಆಳನ್ನು ಸುಮ್ನೆ ಹಿಂದೆ ಕೂರಿಸಿಕೊಂಡು ತಿರುಗುತ್ತಿದ್ದೆ. ಅವನ್ನೆಲ್ಲ ಮನೆಯಲ್ಲಿಟ್ಟು, ಚಕ್ರಕ್ಕೆ ಸರಿಯಾಗಿ ಗಾಳಿ ಹಿಡಿಸಿ, ಹುಡುಗನಿಗೇ ಸ್ಟೇರಿಂಗ್ ಕೊಟ್ಟೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಆಗಿನ್ನೂ ಬಿಸಿಲು ಏರಿರಲಿಲ್ಲ. ಕಿಟಕಿ ನಾಲ್ಕೂ ತೆರೆದಿದ್ದೆವು. ನಂದಿಗೆ ಹೋಗುವ ದಾರಿ ಸೇರುವ ಕಡೆ ಒಂದು ಏರು ತಿರುವಿದೆ. ಅಲ್ಲಿ ನಾನು ಯಾವಾಗಲೂ ಎರಡನೇ ಗೇರಿಗೆ ಇಳಿಸುತ್ತಿದ್ದೆ. ಹುಡುಗ ಗೇರಿನ ಮೇಲೆ ಕೈಯಿಟ್ಟ. ನಾನು "ಬೇಡ, ತಾಳು" ಅಂದೆ. ಕಾರು ಮೂರನೇ ಗೇರಿನಲ್ಲೇ ತಿರುಗಿ ಮೇಲೆ ಹೋಯಿತು.

ನಮಸ್ಕಾರ.