ಅಂಟಿಕೊಳ್ಳಬೇಕು, ಸಿಕ್ಕಿಬೀಳಬಾರದು: ಮಲೇರಿಯಾ ಪರಾವಲಂಬಿಯ ಪ್ರೋಟೀನುಗಳು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಪರಾವಲಂಬಿಯನ್ನು ಹಿಡಿದು ಮಾತಾಡೋಣ: ಪ್ಲಾಸ್ಮೋಡಿಯಂ ಫಾಲ್ಸಿಪಾರಂ.

ಕೆಂಪು ರಕ್ತಕಣದೊಳಗೆ ಇದು ಬೆಳೆದು ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಮೊದಲ 18–20 ಗಂಟೆ ಉಂಗುರದ ರೂಪದಲ್ಲಿ ರಕ್ತದಲ್ಲಿ ಸುತ್ತುತ್ತದೆ. ಆಮೇಲೆ ರಕ್ತಕಣ ಗಡುಸಾಗುತ್ತದೆ. ಅಂಥ ಕಣ, ರಕ್ತವನ್ನು ಸೋಸುವ ಅಂಗವಾದ ಗುಲ್ಮದ (ಸ್ಪ್ಲೀನ್) ಕಿರಿದಾದ ಸಂದುಗಳಲ್ಲಿ ನುಸುಳಲಾರದೆ ಅಲ್ಲೇ ನಾಶವಾಗುತ್ತದೆ. ಗುಲ್ಮದ ಕಡೆ ಸುಳಿಯದಿರಲು ಪರಾವಲಂಬಿ ಪಿಎಫ್‌ಇಎಂಪಿ-1 ಎಂಬ ದೊಡ್ಡ ಪ್ರೋಟೀನನ್ನು ಕಣದ ಮೇಲಿನ ಸಣ್ಣ ಗುಬುಟುಗಳ ಮೇಲೆ ತಂದು ನಿಲ್ಲಿಸುತ್ತದೆ. ಅದು ರಕ್ತನಾಳದ ಒಳಗೋಡೆಯ ಸಿಡಿ36, ಐಕ್ಯಾಮ್-1, ಇಪಿಸಿಆರ್ ಮೊದಲಾದ ಅಣುಗಳನ್ನು ಹಿಡಿದು ಕಣವನ್ನು ಅಲ್ಲೇ ಅಂಟಿಸುತ್ತದೆ. ಇಪಿಸಿಆರ್ ಹಿಡಿಯುವ ಬಗೆಗಳು ಮೆದುಳಿನ ಮಲೇರಿಯಾದಲ್ಲಿ ಹೆಚ್ಚು ಕಾಣಸಿಗುತ್ತವೆ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನದಲ್ಲಿ ಸಾಮಾನ್ಯವಾಗಿ ಉಂಗುರಗಳಷ್ಟೇ ಕಾಣುವುದೂ ಇದರಿಂದಲೇ. ಬಲಿತವು ಅಂಗಾಂಗಗಳಲ್ಲಿ ಅಂಟಿ ಕೂತಿರುತ್ತವೆ. ಗಾಜಿನ ಮೇಲಿನ ಎಣಿಕೆ ನಂಬಿ ಕಾಯಿಲೆ ಹಗುರ ಎಂದುಕೊಳ್ಳುವುದು ಅಪಾಯ.

ಆದರೆ ಹೊರಗೆ ಚಾಚಿದ ಪ್ರೋಟೀನು, ರೋಗಾಣುವನ್ನು ಗುರುತಿಸಿ ಹಿಡಿಯುವ ನಮ್ಮ ಪ್ರತಿಕಾಯಗಳಿಗೂ (ಆಂಟಿಬಾಡಿ) ಸುಲಭ ಗುರಿ. ಅದಕ್ಕೇ ಪರಾವಲಂಬಿಯ ಬಳಿ ಈ ಪ್ರೋಟೀನಿನ ಬೇರೆ ಬೇರೆ ಬಗೆಗಳನ್ನು ತಯಾರಿಸುವ ಸುಮಾರು 60 ‘ವಾರ್’ ಜೀನುಗಳಿವೆ. ಒಂದು ಸಲಕ್ಕೆ ಒಂದನ್ನೇ ಬಳಸುತ್ತದೆ. ದೇಹ ಒಂದನ್ನು ಗುರುತು ಹಿಡಿಯುವ ಹೊತ್ತಿಗೆ ಕೆಲವು ಕಣಗಳಲ್ಲಿ ಇನ್ನೊಂದು ಶುರುವಾಗಿರುತ್ತದೆ, ಅವೇ ಉಳಿದು ಬೆಳೆಯುತ್ತವೆ.

ಇವುಗಳಲ್ಲಿ ವಾರ್2ಸಿಎಸ್‌ಎ ಎಂಬುದರ ಕಥೆ ಬೇರೆ. ಇದು ಗರ್ಭಿಣಿಯ ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆ ಸರಪಳಿಗೆ ಅಂಟುತ್ತದೆ. ಮಲೇರಿಯಾ ಹೆಚ್ಚಿರುವ ಆಫ್ರಿಕಾದ ಊರುಗಳಲ್ಲಿ ಬೆಳೆದ ಹೆಣ್ಣುಮಗಳಿಗೂ ಚೊಚ್ಚಲ ಬಸಿರಿನಲ್ಲಿ ಇದರ ವಿರುದ್ಧ ಪ್ರತಿಕಾಯ ಸಾಲದು. ತಾಯಿಗೆ ರಕ್ತಹೀನತೆ, ಮಗುವಿಗೆ ಕಡಿಮೆ ತೂಕ. ಮುಂದಿನ ಬಸಿರುಗಳಲ್ಲಿ ಪ್ರತಿಕಾಯ ಬೆಳೆದು ಅಪಾಯ ಇಳಿಯುತ್ತದೆ. ಲಸಿಕೆಯಿಂದ ಏನು ಸಾಧಿಸಬೇಕೆಂದು ದೇಹವೇ ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿರುವುದು ಅಪರೂಪ.

ಇನ್ನು ರಿಫಿನ್‌ಗಳು: ಪರಾವಲಂಬಿ ರಕ್ತಕಣದ ಮೇಲೆ ತಂದಿಡುವ ಇನ್ನೊಂದು ಬಗೆಯ ಪ್ರೋಟೀನುಗಳು, ಸುಮಾರು 150 ಜೀನುಗಳ ಕುಟುಂಬ. ಇವುಗಳಲ್ಲಿ ಕೆಲವು ನಮ್ಮ ಪ್ರತಿರಕ್ಷಾ ಕೋಶಗಳ ಮೇಲಿರುವ ಎಲ್‌ಐಎಲ್‌ಆರ್‌ಬಿ1, ಎಲ್‌ಎಐಆರ್1 ಎಂಬ ತಡೆಗ್ರಾಹಕಗಳನ್ನು ಒತ್ತುತ್ತವೆ. ಒತ್ತಿದರೆ ಪ್ರತಿಕಾಯ ತಯಾರಿಸುವ ಬಿ ಕೋಶ, ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳ ಚುರುಕು ಇಳಿಯುತ್ತದೆ. 2016ರಲ್ಲಿ ಕೀನ್ಯಾದ ಕೆಲವರ ರಕ್ತದಲ್ಲಿ ಸಿಕ್ಕಿದ್ದು ಅಚ್ಚರಿಯ ವಿಷಯ: ಅವರ ಪ್ರತಿಕಾಯಗಳೊಳಗೆ ಎಲ್‌ಎಐಆರ್1ರದೇ ತುಂಡು, ಸುಮಾರು 100 ಅಮೈನೋ ಆಮ್ಲಗಳಷ್ಟು, ಸೇರಿಕೊಂಡಿತ್ತು. ಅದು ರಿಫಿನ್‌ಗಳನ್ನು ಹಿಡಿಯುತ್ತದೆ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಬಹುಕಾಲ ಕೃಷಿಕೆಯಲ್ಲಿಟ್ಟ, ಅಂದರೆ ದೇಹದ ಹೊರಗೆ ಪಾತ್ರೆಯಲ್ಲಿ ಬೆಳೆಸಿದ, ಪರಾವಲಂಬಿ ಗುಬುಟುಗಳನ್ನು ಕಳೆದುಕೊಳ್ಳಬಹುದು, ಏಕೆಂದರೆ ಅಲ್ಲಿ ಗುಲ್ಮವಿಲ್ಲ, ಅಂಟುವ ಅಗತ್ಯವೂ ಇಲ್ಲ. ಗುಬುಟುಳ್ಳವನ್ನು ಆರಿಸಲು ಮೊದಲು ಜೆಲಾಟಿನ್ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಬಿಡಿ: ಗುಬುಟುಳ್ಳ ಬಲಿತ ಕಣಗಳು ಮೇಲುಳಿಯುತ್ತವೆ, ಉಳಿದವು ತಳಕ್ಕಿಳಿಯುತ್ತವೆ. ಮಾಸಿಗೆ ಅಂಟುವ ಬಗೆ ಬೇಕಿದ್ದರೆ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಲೇಪಿಸಿದ ತಟ್ಟೆಯ ಮೇಲೆ ಕಣಗಳನ್ನು ಕೂರಿಸಿ, ಅಂಟದವನ್ನು ತೊಳೆದು, ಅಂಟಿದವನ್ನು ಬೆಳೆಸಿ, ಮತ್ತೆ ಅದನ್ನೇ ಮಾಡಿ. ಈ ಆಯ್ಕೆ ಬಿಟ್ಟು ತಾಯಂದಿರ ಸೀರಂ (ಪ್ರತಿಕಾಯಗಳಿರುವ ರಕ್ತದ ತಿಳಿ ದ್ರವ) ಪರೀಕ್ಷಿಸಿದರೆ, ಪ್ರತಿಕಾಯವಿದ್ದ ತಾಯಿಯ ವರದಿಯೂ ‘ಇಲ್ಲ’ ಎಂದು ಬರಬಹುದು.