ಈ ಕತೆ ಹೇಳ್ತಿರೋದು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಕನ್ನಡ ಪರೀಕ್ಷೆಗೆ ಕೂತವರಿಗೆಲ್ಲ ಒಂದು ಪ್ರಶ್ನೆ ಚೆನ್ನಾಗಿ ಗೊತ್ತು. ‘ಈ ಕೃತಿಯ ಆಶಯವೇನು? ವಿವರಿಸಿ.’ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ‘ಇಲ್ಲಿ ಬರುವ ಸಂಕೇತಗಳನ್ನು ಚರ್ಚಿಸಿ.’ ಮಕ್ಕಳು ಗೈಡು ಹಿಡಿದು ಉತ್ತರ ಉರು ಹೊಡೆಯುತ್ತಾರೆ. ಆಶಯ ಅಂದರೆ ಗೋಡೆಗೆ ಬರೆಯಬಹುದಾದ ಒಂದು ಒಳ್ಳೆಯ ಮಾತು. ಸಂಕೇತ ಅಂದರೆ ಒಂದು ಪಟ್ಟಿ: ಹಾವು ಅಂದರೆ ಆಸೆ, ನದಿ ಅಂದರೆ ಕಾಲ, ದೀಪ ಅಂದರೆ ಜ್ಞಾನ. ಕೊನೆಗೆ ಟೈಮು ಉಳಿದರೆ ‘ನಿರೂಪಣೆ ಉತ್ತಮ ಪುರುಷದಲ್ಲಿದೆ’ ಎಂದು ಒಂದು ಸಾಲು ಬರೆದು ಪೇಪರು ಕೊಟ್ಟು ಬರುತ್ತಾರೆ.

ನನ್ನ ತಕರಾರು ಈ ಕೊನೆಯ ಸಾಲಿನ ಬಗ್ಗೆ. ಅದು ಕೊನೆಗೆ ಬರಬೇಕಾದ ಸಾಲಲ್ಲ, ಎಲ್ಲಕ್ಕಿಂತ ಮೊದಲು ಬರಬೇಕು. ಕತೆ ಹೇಳುತ್ತಿರುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ, ಹೀಗೆ ಹೇಳಿದರೆ ಅವರಿಗೇನು ಲಾಭ? ಇದನ್ನು ಕೇಳದೆ ಆಶಯ ಹುಡುಕಲು ಹೊರಟರೆ ಯಾರದೋ ಮಾತನ್ನು ಲೇಖಕರ ತಲೆಗೆ ಕಟ್ಟುತ್ತೇವೆ. ಸಂಕೇತದ ಕತೆಯೂ ಅಷ್ಟೇ.

ಎಲ್ಲರಿಗೂ ಗೊತ್ತಿರುವ ಹಾಡಿನಿಂದಲೇ ಶುರು ಮಾಡೋಣ. ‘ಧರಣಿ ಮಂಡಲ ಮಧ್ಯದೊಳಗೆ.’ ಗೋವಿನ ಹಾಡು. ಇದರ ಆಶಯವೇನು ಎಂದು ಯಾರನ್ನೇ ಕೇಳಿ, ‘ಸತ್ಯ’ ಅನ್ನುತ್ತಾರೆ. ತಪ್ಪೇನಿಲ್ಲ. ‘ಸತ್ಯವೇ ನಮ್ಮ ತಾಯಿ ತಂದೆ, ಸತ್ಯವೇ ನಮ್ಮ ಬಂಧು ಬಳಗ’ ಎಂದು ಹಾಡೇ ಹೇಳುತ್ತದಲ್ಲ. ಆದರೆ ಅದನ್ನು ಹೇಳುವುದು ಹಾಡಲ್ಲ, ಪುಣ್ಯಕೋಟಿ. ಹಾಡಿನಲ್ಲಿ ಬೇರೆಯವರೂ ಮಾತಾಡುತ್ತಾರೆ.

ಹುಲಿಯ ಮಾತು ಕೇಳಿ. ‘ಹಸಿದ ವೇಳೆಗೆ ಸಿಕ್ಕಿದೊಡವೆಯ ವಶವ ಮಾಡದೆ ಬಿಡಲು ನೀನು ನುಸುಳಿ ಪೋಗುವೆ, ಮತ್ತೆ ಬರುವೆಯ?’ ಇದರಲ್ಲಿ ಕೆಟ್ಟತನ ಏನಿದೆ? ಹಸಿದವನ ಲೆಕ್ಕಾಚಾರ ಅದು. ಕೈಗೆ ಸಿಕ್ಕ ಊಟ ಬಿಟ್ಟರೆ ಮತ್ತೆ ಬರುತ್ತದಾ? ಅರ್ಬುತ ಎಂಬ ಆ ಹುಲಿಯ ಜಾಗದಲ್ಲಿ ನಿಂತು ನೋಡಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಆಮೇಲೆ ಕರು ಮಾತಾಡುತ್ತದೆ. ‘ಆರ ಮೊಲೆಯ ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ, ಆರ ಬಳಿಯಲಿ ಮಲಗಲಮ್ಮ, ಆರು ನನಗೆ ಹಿತವರು?’ ಈ ಹಾಡು ಹೇಳುವಾಗ ಗಂಟಲು ಕಟ್ಟುವುದು ಇಲ್ಲಿ. ಸತ್ಯದ ಸಾಲು ಬಂದಾಗ ಯಾರೂ ಅಳುವುದಿಲ್ಲ. ಕರುವಿಗೆ ಅಮ್ಮನ ಸತ್ಯದಿಂದ ಸಿಗುವುದು ಏನು? ತಬ್ಬಲಿತನ. ಅದು ಕೇಳುವ ನಾಲ್ಕು ಪ್ರಶ್ನೆಗೆ ಪುಣ್ಯಕೋಟಿ ಹತ್ತಿರ ಉತ್ತರವಿಲ್ಲ. ಅದಕ್ಕೇ ಅವಳು ಮಗುವಿಗೆ ಸಮಾಧಾನ ಹೇಳುವುದನ್ನು ಬಿಟ್ಟು ಅಕ್ಕತಂಗಿಯರ ಕಡೆ ತಿರುಗುತ್ತಾಳೆ. ‘ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ.’ ಎಂಥಾ ಸಾಲು ಅಲ್ವಾ! ಅಮ್ಮ ಇಲ್ಲದ ಕರುವಿಗೆ ಕೊಟ್ಟಿಗೆಯಲ್ಲಿ ಏನೇನಾಗುತ್ತದೆ ಎಂದು ದನ ಸಾಕಿದವರಿಗೆ ಗೊತ್ತು. ಬೇರೆ ಹಸು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಸಾಯಲು ಹೊರಟ ತಾಯಿಯ ತಲೆಯಲ್ಲಿ ಆಗ ಓಡುತ್ತಿರುವುದು ಪರಮಾತ್ಮನಲ್ಲ, ಈ ಒದೆತ.

ಈಗ ಆಶಯ ‘ಸತ್ಯ’ ಎಂದು ಒಂದೇ ಮಾತಲ್ಲಿ ಬರೆದು ಮುಗಿಸಲು ಆಗುತ್ತದಾ? ಸತ್ಯ ದೊಡ್ಡದು, ಸರಿ. ಅದರ ಬೆಲೆಯನ್ನು ಕೊಡುವವರು ಮಾತ್ರ ಬೇರೆ, ಅವರನ್ನು ಯಾರೂ ಕೇಳಿರುವುದಿಲ್ಲ. ಹಾಡು ಕರುವಿಗೂ ಬಾಯಿ ಕೊಟ್ಟಿದ್ದರಿಂದ ನಮಗೆ ಇದು ಕಾಣುತ್ತದೆ. ಬರೀ ಪುಣ್ಯಕೋಟಿ ಮಾತಾಡಿದ್ದರೆ ಇದು ಒಂದು ನೀತಿಪಾಠ ಆಗಿ ಉಳಿಯುತ್ತಿತ್ತು, ಇಷ್ಟು ಕಾಲ ಬದುಕುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಸಂಕೇತಕ್ಕೆ ಬರೋಣ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದದ ಕನ್ನಡಿಗರು ಕಡಿಮೆ. ಅದರಲ್ಲಿ ಒಂದು ಹಾರುವ ಓತಿ ಬರುತ್ತದೆ. ಅದನ್ನು ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರೆಲ್ಲರ ಜೊತೆ ನಿರೂಪಕ ಕಾಡಿಗೆ ಹೋಗುತ್ತಾನೆ. ಕೊನೆಗೆ ಓತಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಪ್ರಪಾತದ ಕಡೆ ತೇಲಿಕೊಂಡು ಹೋಗಿಬಿಡುತ್ತದೆ. ಗೈಡಿನವರು ತಕ್ಷಣ ಪೆನ್ನು ಹಿಡಿಯುತ್ತಾರೆ: ಓತಿ ಅಂದರೆ ಮನುಷ್ಯನ ಕೈಗೆಟುಕದ ಪರಮಸತ್ಯ.

ಇರಬಹುದು. ಆದರೆ ಅದು ಮೊದಲು ಒಂದು ಓತಿ. ಕಾದಂಬರಿಯ ಓತಿ ಯಾವುದೋ ಯುಗದಿಂದ ಉಳಿದು ಬಂದ, ಕಲ್ಪನೆಯ ಪ್ರಾಣಿ. ಅದರ ನೆಂಟನಂಥ ಹಾರುವ ಓತಿಯನ್ನು ಮಲೆನಾಡಿನ ಅಡಿಕೆ ತೋಟದಲ್ಲಿ ಇವತ್ತಿಗೂ ನೋಡಬಹುದು. ಪಕ್ಕೆಲುಬುಗಳು ಉದ್ದಕ್ಕೆ ಚಾಚಿ, ನಡುವೆ ತೆಳ್ಳನೆಯ ಚರ್ಮ ಬಿಚ್ಚಿಕೊಂಡು, ಈ ಮರದಿಂದ ಆ ಮರಕ್ಕೆ ಜಾರಿ ಹೋಗುತ್ತದೆ. ರೆಕ್ಕೆ ಮಡಚಿ ತೊಗಟೆಗೆ ಅಂಟಿಕೊಂಡರೆ ಮುಗಿಯಿತು, ಎದುರಿಗಿದ್ದರೂ ಕಾಣದು. ಇಷ್ಟನ್ನು ಕಣ್ಣಿಟ್ಟು ನೋಡಿದವನಿಗೆ ಮಾತ್ರ ಆ ಕೊನೆಯ ದೃಶ್ಯ ಮೈ ಜುಂ ಅನ್ನಿಸುತ್ತದೆ. ಪ್ರಾಣಿಯನ್ನು ಪಕ್ಕಕ್ಕಿಟ್ಟು ‘ಪರಮಸತ್ಯ’ವನ್ನು ಮಾತ್ರ ಎತ್ತಿಕೊಂಡರೆ ಹಣ್ಣು ಎಸೆದು ಸಿಪ್ಪೆ ತಿಂದ ಹಾಗೆ.

ಇಲ್ಲೂ ಹೇಳುತ್ತಿರುವವನು ಯಾರು ಎಂದು ನೋಡಿ. ಬೇಸಾಯ ಸಾಕಾಗಿ, ಜಮೀನು ಮಾರಿ ಪೇಟೆ ಸೇರಲೇ ಎಂದು ಯೋಚಿಸುತ್ತಿರುವ ಒಬ್ಬ ರೈತ. ಜೇನು ತರಲು ಮೂಡಿಗೆರೆಗೆ ಹೋದವನು. ಅವನ ಕಣ್ಣಿಗೆ ಮಂದಣ್ಣ ಮೊದಲು ಕೆಲಸಕ್ಕೆ ಬಾರದ ಹುಡುಗ. ಅದೇ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಕಾದಂಬರಿಯ ತುಂಬ ನಡೆಯುವುದು ಈ ನಿರೂಪಕನ ಕಣ್ಣು ನಿಧಾನಕ್ಕೆ ತೆರೆದುಕೊಳ್ಳುವ ಕೆಲಸ. ಓತಿ ಅಷ್ಟು ದೊಡ್ಡದಾಗಿ ಕಾಣುವುದು ಈ ಕಣ್ಣಿಗೆ. ಮೊದಲ ಪುಟದ ನಿರೂಪಕನಿಗೆ ಅದು ಎದುರಿಗೆ ಬಂದಿದ್ದರೆ ‘ಅಯ್ಯೋ, ಒಂದು ಓತಿಕ್ಯಾತ’ ಎಂದು ಮುಂದೆ ಹೋಗುತ್ತಿದ್ದ.

ಈಗ ನನಗೆ ತುಂಬ ಇಷ್ಟದ ಉದಾಹರಣೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದ ಮೇಲೆ, 2015ರಿಂದೀಚೆಗೆ, ಹೊರಗಿನವರೂ ಇದನ್ನು ಓದಿ ಮೆಚ್ಚಿದ್ದಾರೆ. ಸಣ್ಣ ಪುಸ್ತಕ, ಒಂದು ಸಂಜೆ ಸಾಕು. ಇನ್ನೂ ಓದಿಲ್ಲದವರು ಕ್ಷಮಿಸಿ, ಕೊನೆಯ ವಿಷಯವನ್ನೂ ಹೇಳಬೇಕಾಗುತ್ತದೆ.

ಬೆಂಗಳೂರಿನ ಒಂದು ಮನೆ. ಅಪ್ಪನ ಕೆಲಸ ಹೋಗುತ್ತದೆ. ಚಿಕ್ಕಪ್ಪ ಸೋನಾ ಮಸಾಲ ಎಂಬ ವ್ಯಾಪಾರ ಶುರು ಮಾಡುತ್ತಾನೆ, ದುಡ್ಡು ಹರಿದು ಬರುತ್ತದೆ. ಚಿಕ್ಕ ಮನೆಯಿಂದ ದೊಡ್ಡ ಮನೆಗೆ ಹೋಗುತ್ತಾರೆ. ಕತೆ ಹೇಳುವವನು ಆ ಮನೆಯ ಮಗ. ಹೆಸರಿಲ್ಲ. ಕಂಪನಿಯಲ್ಲಿ ಪದವಿ ಇದೆ, ಸಂಬಳ ಇದೆ, ಕೆಲಸ ಮಾತ್ರ ಇಲ್ಲ. ದಿನವೂ ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ.

ಇದರಲ್ಲಿ ಹಣದ ಬಗ್ಗೆ ಒಂದು ಮಾತು ಬರುತ್ತದೆ. ಹಣವನ್ನು ನಾವು ಆಡಿಸುವುದಿಲ್ಲ, ಹಣವೇ ನಮ್ಮನ್ನು ಆಡಿಸುತ್ತದೆ. ಕಡಿಮೆ ಇದ್ದಾಗ ಬಾಲ ಮುದುರಿಕೊಂಡಿರುತ್ತದೆ, ಜಾಸ್ತಿಯಾದಾಗ ನಮ್ಮ ಮೇಲೆ ಸವಾರಿ ಮಾಡುತ್ತದೆ, ಹೀಗೊಂದು ಅರ್ಥದ ಮಾತು. ಪುಸ್ತಕದ ಬಗ್ಗೆ ಬರೆದವರು ಜಾಸ್ತಿ ಎತ್ತಿ ತೋರಿಸುವುದು ಇದನ್ನೇ. ‘ಇದೇ ಕೃತಿಯ ಆಶಯ’ ಅಂತಾರೆ.

ನಾನು ಒಪ್ಪುವುದಿಲ್ಲ. ಈ ಮಾತು ಯಾರದ್ದು? ಆ ಮಗನದ್ದು. ಹೀಗೆ ಹೇಳಿದರೆ ಅವನಿಗೇನು ಸಿಗುತ್ತದೆ? ಬಿಡುಗಡೆ ಸಿಗುತ್ತದೆ. ತಪ್ಪೆಲ್ಲ ಹಣದ್ದು, ನಮ್ಮದೇನೂ ಇಲ್ಲ. ಇಡೀ ಪುಸ್ತಕದಲ್ಲಿ ಅವನಿಗೆ ಇದಕ್ಕಿಂತ ಹಿತವಾದ ವಾಕ್ಯ ಇನ್ನೊಂದಿಲ್ಲ. ಅದನ್ನು ಲೇಖಕರ ತೀರ್ಪು ಎಂದು ನಾವು ಕಾಪಿ ಮಾಡಿಕೊಂಡರೆ ಅವನ ವಕೀಲರಾಗಿಬಿಡುತ್ತೇವೆ.

ಒಂದು ದೃಶ್ಯ ಹತ್ತಿರದಿಂದ ನೋಡೋಣ. ಒಂದು ದಿನ ಒಬ್ಬ ಹೆಂಗಸು ಈ ಮನೆಯ ಬಾಗಿಲಿಗೆ ಬರುತ್ತಾಳೆ. ಚಿಕ್ಕಪ್ಪನನ್ನು ನೋಡಬೇಕು. ಅವನಿಗೆ ಇಷ್ಟ ಎಂದು ಮಸೂರ ಬೇಳೆಯ ಅಡಿಗೆ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಚಿಕ್ಕಪ್ಪ ಒಳಗೇ ಇದ್ದಾನೆ, ಹೊರಗೆ ಬರುವುದಿಲ್ಲ. ಅಮ್ಮ ಮತ್ತು ಅಕ್ಕ ಮಾಲತಿ ಬಾಯಿಗೆ ಬಂದಂತೆ ಬೈದು ಅವಳನ್ನು ಓಡಿಸುತ್ತಾರೆ. ಹೀಗೆ ಮಾಡಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳುವವಳು ಒಬ್ಬಳೇ, ಹೊಸದಾಗಿ ಮದುವೆಯಾಗಿ ಬಂದ ನಿರೂಪಕನ ಹೆಂಡತಿ ಅನಿತಾ.

ನಿರೂಪಕ ಎಲ್ಲಿದ್ದ? ಅಲ್ಲೇ ಇದ್ದ. ಎಲ್ಲ ನೋಡಿದ. ನಮಗೆ ಚೆನ್ನಾಗಿ ವರ್ಣಿಸುತ್ತಾನೆ ಕೂಡ. ಏನು ಮಾಡಿದ? ಏನೂ ಮಾಡಲಿಲ್ಲ. ಇವನ ಮಾತಿನಲ್ಲಿ ‘ನಾನು’ ಇರಬೇಕಾದ ಕಡೆಯೆಲ್ಲ ‘ನಾವು’ ಬಂದು ಕೂರುವುದನ್ನು ಗಮನಿಸಿ. ನಮ್ಮ ಮನೆ ಹೀಗೆ, ನಮ್ಮ ಮನೆಯವರು ಹೀಗೆ. ಕುಟುಂಬದ ಒಗ್ಗಟ್ಟಿನ ಹಿಂದೆ ಒಬ್ಬ ಮನುಷ್ಯ ಎಷ್ಟು ಸಲೀಸಾಗಿ ಅಡಗಿಕೊಳ್ಳಬಹುದು! ಸುಮ್ನೆ ಇರುವುದು ಕೂಡ ಒಂದು ಕೆಲಸವೇ ಎಂದು ಅವನು ಒಮ್ಮೆಯೂ ಹೇಳುವುದಿಲ್ಲ. ನಾವೇ ಕಂಡುಕೊಳ್ಳಬೇಕು.

ಇರುವೆಗಳ ವಿಷಯಕ್ಕೂ ಇದೇ ಬೆಳಕು ಹಾಯಿಸಿ. ಹಳೇ ಮನೆಯಲ್ಲಿ ಇರುವೆ ಕಾಟ. ಕಂಡಲ್ಲಿ ಹೊಸಕುವುದು ಮನೆಯವರಿಗೆ ಅಭ್ಯಾಸವಾಗುತ್ತದೆ, ಬರಬರುತ್ತಾ ಅದರಲ್ಲಿ ಒಂಥರಾ ಖುಷಿಯೂ ಸೇರಿಕೊಳ್ಳುತ್ತದೆ. ‘ಇರುವೆ ಅಂದರೆ ದುರ್ಬಲರು’ ಎಂದು ಪಟ್ಟಿಗೆ ಸೇರಿಸಿ ಮುಗಿಸಬಹುದು. ನನಗೆ ಹೆದರಿಕೆ ಹುಟ್ಟಿಸುವುದು ಅದಲ್ಲ. ಇದನ್ನು ಅವನು ಹೇಳುವ ಧಾಟಿ. ಬಡತನದ ದಿನಗಳ ತಮಾಷೆ, ಎಲ್ಲರೂ ಒಟ್ಟಿಗಿದ್ದ ಕಾಲದ ಸವಿನೆನಪು ಎಂಬಂತೆ ಹೇಳುತ್ತಾನೆ. ಆ ಮನೆ ಒಂದಾಗಿದ್ದೇ ಯಾವುದನ್ನೋ ಒಟ್ಟಿಗೆ ಹೊಸಕುವುದರಲ್ಲಿ. ಹೇಳುವವನಿಗೆ ಇದು ಗೊತ್ತಾಗಿಲ್ಲ, ಅಥವಾ ಗೊತ್ತಾಗಿಯೂ ಗೊತ್ತಿಲ್ಲದ ಹಾಗಿದ್ದಾನೆ. ಕೊನೆಗೆ ಊರಿಗೆ ಹೋದ ಅನಿತಾ ಹಿಂತಿರುಗಿಲ್ಲ. ಕಾಫಿ ಹೌಸಿನಲ್ಲಿ ಕೂತ ಇವನ ಕೈಯಲ್ಲಿ ಗಾಜು ಒಡೆದು ರಕ್ತ ಬಂದಿದೆ, ಅದನ್ನು ಬೇರೆಯವರು ತೋರಿಸಿ ಹೇಳಬೇಕಾಗುತ್ತದೆ. ರಕ್ತವನ್ನು ಸಂಕೇತ ಅನ್ನಿ, ಬೇಡ ಅನ್ನುವುದಿಲ್ಲ. ಆದರೆ ಅವನಿಗೆ ಕಾಣದೆ ಇನ್ನೊಬ್ಬರಿಗೆ ಕಂಡಿತು ಎಂಬಲ್ಲಿ ಅದರ ಜೀವ ಇದೆ.

ಆ ಇನ್ನೊಬ್ಬ ವಿನ್ಸೆಂಟ್, ಅಲ್ಲಿನ ಮಾಣಿ. ಅವನು ಆಡುವ ಪುಟ್ಟ ಪುಟ್ಟ ಮಾತೆಲ್ಲ ನಿರೂಪಕನಿಗೆ ವೇದವಾಕ್ಯ. ವಿನ್ಸೆಂಟ್ ನಿಜವಾಗಿ ಜ್ಞಾನಿಯೋ, ಅಥವಾ ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಾಗದವನು ಅವನನ್ನು ಜ್ಞಾನಿ ಮಾಡಿಕೊಂಡಿದ್ದಾನೋ? ನನ್ನ ಓಟು ಎರಡನೆಯದಕ್ಕೆ.

ಕೆಲವರು ಕೇಳಬಹುದು, ‘ನಾನು’ ಎಂದು ಹೇಳುವ ಕತೆಗೆ ಇದೆಲ್ಲ ಸರಿ, ‘ಅವನು’, ‘ಅವಳು’ ಎಂದು ಹೊರಗಿನಿಂದ ಹೇಳುವ ಕತೆಗೆ? ಎಸ್.ಎಲ್. ಭೈರಪ್ಪನವರ ‘ಪರ್ವ’ದಲ್ಲಿ ಶಲ್ಯ, ಕುಂತಿ, ಭೀಮ, ದ್ರೌಪದಿ, ಹೀಗೆ ಒಬ್ಬೊಬ್ಬರ ತಲೆಯೊಳಗೆ ನಮ್ಮನ್ನು ಕೂರಿಸುತ್ತಾರೆ. ಅಲ್ಲಿ ಕೆಲಸ ಸುಲಭ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆ ಇಟ್ಟು ನೋಡಬಹುದು. ಕಷ್ಟ ಇರುವುದು ಕತೆ ಒಬ್ಬರ ಹೆಗಲ ಮೇಲೆ ಜಾಸ್ತಿ ಹೊತ್ತು ಕೂತಾಗ.

1965ರಲ್ಲಿ ಬಂದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಅಂಥದ್ದು. ದೂರ್ವಾಸಪುರದ ಅಗ್ರಹಾರದಲ್ಲಿ ಬ್ರಾಹ್ಮಣ ಆಚಾರ ಬಿಟ್ಟು ಬದುಕಿದ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವವರು ಯಾರು? ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥ ತೆಗೆದು ನೋಡುತ್ತಾರೆ. ಮಾರುತಿಯ ಗುಡಿಗೆ ಹೋಗಿ ದೇವರ ಅಪ್ಪಣೆಗೆ ಕಾಯುತ್ತಾರೆ. ಇತ್ತ ಇಲಿ ಸಾಯುತ್ತವೆ, ಹದ್ದು ಬಂದು ಮನೆಗಳ ಮೇಲೆ ಕೂರುತ್ತವೆ. ಅಗ್ರಹಾರಕ್ಕೆ ಅದು ಅಪಶಕುನ, ನಮಗೆ ಪ್ಲೇಗು. ಅದೇ ಇಲಿ, ನೋಡುವ ಕಣ್ಣು ಎರಡು. ಕಾದಂಬರಿ ಬೇರೆಯವರ ಮನಸ್ಸಿಗೂ ಆಗಾಗ ಇಣುಕುತ್ತದೆ, ನಿಜ. ಆದರೆ ಅದರ ಹೆಚ್ಚಿನ ಹೊತ್ತು ಕಳೆಯುವುದು ಆಚಾರ್ಯರ ಜೊತೆಗೆ.

ಹಾಗಾದರೆ ಹೆಣ ಸುಟ್ಟವರು ಯಾರು? ಚಂದ್ರಿ. ನಾರಣಪ್ಪನ ಜೊತೆಗಿದ್ದ ಹೆಂಗಸು. ರಾತ್ರೋರಾತ್ರಿ ಹೋಗಿ, ಬ್ಯಾರಿ ಸಮುದಾಯದ ಮೀನು ವ್ಯಾಪಾರಿಯೊಬ್ಬನ ಸಹಾಯ ಬೇಡಿ, ಕೆಲಸ ಮುಗಿಸಿಬಿಡುತ್ತಾಳೆ. ಇಡೀ ಅಗ್ರಹಾರ ಊಟ ಬಿಟ್ಟು ಚರ್ಚೆ ಮಾಡುತ್ತಿದ್ದ ಪ್ರಶ್ನೆ ಅಲ್ಲಿಗೆ ತೀರಿತು. ತಮಾಷೆ ಏನೆಂದರೆ ಇದು ಆಚಾರ್ಯರಿಗೆ ಗೊತ್ತೇ ಇಲ್ಲ. ಅವರು ಅಲ್ಲಿಂದ ಎದ್ದು, ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಮೇಳಿಗೆ ಜಾತ್ರೆಯಲ್ಲಿ ಅಲೆಯುತ್ತಾ, ನಾನು ಯಾರು, ಏನು ಮಾಡಲಿ ಎಂದು ಒದ್ದಾಡುತ್ತಾರೆ. ನಾವೂ ಅವರ ಹಿಂದೆಯೇ ಹೋಗುತ್ತೇವೆ.

ಚಂದ್ರಿ ಕುಂದಾಪುರದ ಹಾದಿ ಹಿಡಿಯುತ್ತಾಳೆ. ಆ ಹಾದಿಯಲ್ಲಿ ಅವಳು ಏನೇನು ಯೋಚಿಸಿದಳು, ಆಚಾರ್ಯರ ಬಗ್ಗೆ ಅವಳಿಗೆ ಏನನ್ನಿಸಿತು, ಅದಕ್ಕೊಂದು ಅಧ್ಯಾಯ ಇಲ್ಲ. ಇದನ್ನು ಕೊರತೆ ಅನ್ನುವವರಿದ್ದಾರೆ, ಬೇಕೆಂದೇ ಬಿಟ್ಟ ಜಾಗ ಅನ್ನುವವರೂ ಇದ್ದಾರೆ. ನನಗಂತೂ ಕೊರತೆ ಎಂದೇ ಅನ್ನಿಸುತ್ತದೆ. ನೀವು ‘ಸಂಸ್ಕಾರ’ ಮತ್ತೆ ಕೈಗೆತ್ತಿಕೊಂಡರೆ ಈ ಸಲ ಚಂದ್ರಿ ಬರುವ ಪುಟಗಳನ್ನು ಮಾತ್ರ ಬೇರೆಯಾಗಿ ಓದಿ ನೋಡಿ.

ನಮಸ್ಕಾರ.